ವಿಳಾಸ ನೋವಿ, ಶಾಲೆ ಬೇರೆ

ಮಾರ್ಚ್ ತಿಂಗಳು ಬಂತೆಂದರೆ ನನ್ನ ಮೊಬೈಲಿಗೆ ಒಂದೇ ಪ್ರಶ್ನೆ ಬೇರೆ ಬೇರೆ ಹೆಸರುಗಳಿಂದ ಬರತೊಡಗುತ್ತದೆ. "ಮೇಡಂ, ಜೂನ್‌ನಲ್ಲಿ ಡೆಟ್ರಾಯಿಟ್‌ಗೆ ಬರುತ್ತಿದ್ದೇವೆ. ಒಳ್ಳೆಯ ಶಾಲೆ ಯಾವ ಕಡೆ ಇದೆ?" ಕೇಳುವವರು ಹೆಚ್ಚಾಗಿ ವಾಹನದ ಬಿಡಿಭಾಗ ತಯಾರಿಸುವ ಕಂಪನಿಯವರು, ಇಲ್ಲವೇ ಅಂಥ ಕಂಪನಿಗಳಿಗೆ ಸಾಫ್ಟ್‌ವೇರ್ ಬರೆಯುವವರು. ಬಾಯಲ್ಲಿ ಡೆಟ್ರಾಯಿಟ್ ಎನ್ನುತ್ತಾರೆ, ಆದರೆ ಡೆಟ್ರಾಯಿಟ್ ನಗರದೊಳಗೆ ಮನೆ ಮಾಡಿದ ಕನ್ನಡದ ಕುಟುಂಬವನ್ನು ನಾನು ಇನ್ನೂ ನೋಡಿಲ್ಲ. ನಮ್ಮವರು ಬಂದಿಳಿಯುವುದು ಮಿಷಿಗನ್ ರಾಜ್ಯದ ಈ ನಗರದ ಹೊರವಲಯದ ಊರುಗಳಾದ ಟ್ರಾಯ್, ನೋವಿ, ಕ್ಯಾಂಟನ್, ಫಾರ್ಮಿಂಗ್ಟನ್ ಹಿಲ್ಸ್, ರೋಚೆಸ್ಟರ್ ಹಿಲ್ಸ್‌ಗಳಲ್ಲಿ. ಪ್ರಶ್ನೆ ಕೇಳುವ ಹೊತ್ತಿಗೆ ಅವರು ಹತ್ತಕ್ಕೆ ಒಂಬತ್ತು, ಹತ್ತಕ್ಕೆ ಹತ್ತು ಎಂದು ಶಾಲೆಗಳಿಗೆ ಅಂಕ ಕೊಡುವ ಜಾಲತಾಣಗಳನ್ನೆಲ್ಲ ಜಾಲಾಡಿರುತ್ತಾರೆ. ನನ್ನಿಂದ ಬೇಕಾಗಿರುವುದು ಒಂದು ಮುದ್ರೆ ಮಾತ್ರ.

ನಾನು ಮುದ್ರೆ ಒತ್ತುವುದಿಲ್ಲ. ಮೊದಲು ನಕ್ಷೆ ತೆರೆದು ನೋಡಿ ಎನ್ನುತ್ತೇನೆ, ಅದೂ ಊರಿನ ನಕ್ಷೆಯಲ್ಲ, ಸ್ಕೂಲ್ ಡಿಸ್ಟ್ರಿಕ್ಟಿನ ನಕ್ಷೆ. ಇದು ನಮ್ಮ ಜಿಲ್ಲೆಯಲ್ಲ, ತನ್ನ ಗಡಿಯೊಳಗಿನ ಸರ್ಕಾರಿ ಶಾಲೆಗಳನ್ನು ತಾನೇ ನಡೆಸುವ ಸ್ಥಳೀಯ ಘಟಕ; ಮನೆ ಯಾವ ಗಡಿಯೊಳಗಿದೆಯೋ ಮಗು ಸಾಮಾನ್ಯವಾಗಿ ಆ ಡಿಸ್ಟ್ರಿಕ್ಟಿನ ಶಾಲೆಗೆ.

ನೋವಿಯನ್ನೇ ತೆಗೆದುಕೊಳ್ಳಿ. ಎಂಟನೇ ಮೈಲಿ ರಸ್ತೆಯಿಂದ ಹದಿನಾಲ್ಕನೇ ಮೈಲಿ ರಸ್ತೆಯವರೆಗೆ ಹರಡಿದ ಒಂದೇ ಊರು, ಒಂದೇ ನಗರಸಭೆ, ಒಂದೇ ಗ್ರಂಥಾಲಯ. ಆದರೆ ಈ ಊರಿನ ಮಕ್ಕಳು ನಾಲ್ಕು ಡಿಸ್ಟ್ರಿಕ್ಟುಗಳಿಗೆ ಹಂಚಿಹೋಗಿದ್ದಾರೆ: ನೋವಿ, ನಾರ್ತ್‌ವಿಲ್, ವಾಲ್ಡ್ ಲೇಕ್, ಸೌತ್ ಲಯನ್. ನಮ್ಮ ಮನೆ ಊರಿನ ಉತ್ತರದ ತುದಿಯಲ್ಲಿದೆ. ಅಂಚೆಯವನಿಗೆ ನಾವು ನೋವಿಯವರು, ಮತಗಟ್ಟೆಯಲ್ಲೂ ನೋವಿಯವರು, ದೇವಸ್ಥಾನದ ರಸೀದಿಯಲ್ಲೂ ನೋವಿಯವರು. ಮಗಳು ಮಾತ್ರ ವಾಲ್ಡ್ ಲೇಕ್ ಡಿಸ್ಟ್ರಿಕ್ಟಿನ ಹಳದಿ ಬಸ್ಸು ಹತ್ತುತ್ತಾಳೆ. ಇದು ಗೊತ್ತಿದ್ದೇ ಈ ಮನೆ ಕೊಂಡೆವು, ನಮ್ಮ ಜೇಬಿಗೆ ಸರಿಹೊಂದಿದ ಮನೆ ಇಲ್ಲಿತ್ತು. "ಅಯ್ಯೋ, ನೋವಿ ಎಂದುಕೊಂಡಿದ್ದೆವು" ಎಂದು ಕನಿಕರದಿಂದ ನೋಡುವವರು ಕನ್ನಡ ಕೂಟದ ಪ್ರತಿ ಯುಗಾದಿಯ ಊಟದ ಸಾಲಿನಲ್ಲೂ ಒಬ್ಬರಾದರೂ ಸಿಗುತ್ತಾರೆ. ಮಗಳ ಗಣಿತದ ಶಿಕ್ಷಕಿ ಎಷ್ಟು ಚೆನ್ನಾಗಿ ಕಲಿಸುತ್ತಾರೆಂದು ಅವರಿಗೆ ಹೇಳಿ ಪ್ರಯೋಜನವಿಲ್ಲ. ಅವರ ಮನಸ್ಸಿನಲ್ಲಿರುವುದು ಗಣಿತವಲ್ಲ, ಮನೆಯ ಮರುಮಾರಾಟದ ಬೆಲೆ.

ಮನೆ ತೋರಿಸುವ ದಲ್ಲಾಳಿಗಳನ್ನು ಕೇಳಿದರೂ ಈ ವಿಷಯದಲ್ಲಿ ಬಾಯಿ ಬಿಡುವುದಿಲ್ಲ. 1968ರ ಫೇರ್ ಹೌಸಿಂಗ್ ಕಾಯಿದೆಯ ಪ್ರಕಾರ ಗಿರಾಕಿಯನ್ನು ಜನಾಂಗ ನೋಡಿ ಒಂದು ಬಡಾವಣೆಯತ್ತ ತಿರುಗಿಸುವುದು ಕಾನೂನುಬಾಹಿರ, ಶಾಲೆಯ ಮಾತು ಅದರ ಅಡ್ಡದಾರಿ ಆಗಬಹುದು. ಹಾಗಾಗಿ ಜಾಣ ದಲ್ಲಾಳಿ "ನೀವೇ ಜಾಲತಾಣ ನೋಡಿಕೊಳ್ಳಿ" ಎಂದು ಜಾರಿಕೊಳ್ಳುತ್ತಾನೆ. ಕಾನೂನು ಅವನ ಬಾಯಿ ಮುಚ್ಚಿಸಿತು, ಅಂಕದ ಜಾಲತಾಣ ಆ ಕೆಲಸವನ್ನು ಇನ್ನೂ ಅಚ್ಚುಕಟ್ಟಾಗಿ ಮಾಡುತ್ತಿದೆ.

2024ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಅಪ್ಪ ನಮ್ಮೊಂದಿಗಿದ್ದರು. ಅರಸೀಕೆರೆ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಪ್ರವಾಸಕ್ಕೆ ಕರೆದುಕೊಂಡು ಹೋದರೆ ಕಾರಿನಲ್ಲಿ ನಿದ್ದೆ ಮಾಡುತ್ತಾರೆ, ಇಲಾಖೆಯ ವಿಷಯ ಎತ್ತಿದರೆ ಎದ್ದು ಕೂರುತ್ತಾರೆ.

"ಇಲ್ಲಿನ ಬಿಇಒ ಯಾರಮ್ಮ?"

"ಬಿಇಒ ಇಲ್ಲ ಅಪ್ಪ. ಪ್ರತಿ ಡಿಸ್ಟ್ರಿಕ್ಟಿಗೂ ಅದರದೇ ಸೂಪರಿಂಟೆಂಡೆಂಟ್ ಇರುತ್ತಾರೆ."

"ಅವರನ್ನು ನೇಮಿಸುವುದು ಸರ್ಕಾರವೋ?"

"ಅಲ್ಲ, ಶಾಲಾ ಮಂಡಳಿ. ಏಳು ಜನ. ಊರವರೇ ಮತ ಹಾಕಿ ಆರಿಸುತ್ತಾರೆ."

"ಹಾಗಾದರೆ ವರ್ಗಾವಣೆ ಕೌನ್ಸೆಲಿಂಗ್ ಎಲ್ಲಿ ನಡೆಯುತ್ತದೆ?"

ಇದಕ್ಕೆ ನನಗೆ ನಗು ತಡೆಯಲಾಗಲಿಲ್ಲ. ಇಲ್ಲಿ ವರ್ಗಾವಣೆ ಎಂಬುದೇ ಇಲ್ಲ. ಶಿಕ್ಷಕಿಯನ್ನು ನೇಮಿಸಿಕೊಳ್ಳುವುದು ಡಿಸ್ಟ್ರಿಕ್ಟ್, ಸಂಬಳದ ಒಪ್ಪಂದ ಡಿಸ್ಟ್ರಿಕ್ಟಿನೊಂದಿಗೆ. ಮೂರು ಮೈಲಿ ಆಚೆಯ ಶಾಲೆಗೆ ಹೋಗಬೇಕೆಂದರೆ ಅದು ಬೇರೆ ಡಿಸ್ಟ್ರಿಕ್ಟಿನದಾದರೆ ರಾಜೀನಾಮೆ ಕೊಟ್ಟು ಹೊಸದಾಗಿ ಅರ್ಜಿ ಹಾಕಬೇಕು, ಸೇವಾ ಹಿರಿತನ ಜೊತೆಗೆ ಬರುತ್ತದೆಂಬ ಖಾತರಿಯಿಲ್ಲ. ಅಪ್ಪ ಬಹಳ ಹೊತ್ತು ಯೋಚಿಸಿ, "ಅಂದರೆ ಹಿಂದುಳಿದ ಡಿಸ್ಟ್ರಿಕ್ಟಿಗೆ ಒಳ್ಳೆಯ ಮೇಷ್ಟರನ್ನು ಕಳುಹಿಸುವ ಅಧಿಕಾರ ಯಾರಿಗೂ ಇಲ್ಲ" ಎಂದರು. ವರ್ಗಾವಣೆಯ ಕಾಟವನ್ನು ಮೂವತ್ತು ವರ್ಷ ಬೈದುಕೊಂಡೇ ದುಡಿದ ಮನುಷ್ಯ ಇದನ್ನು ಹೇಳಿದ್ದು.

ಮಿಷಿಗನ್ ರಾಜ್ಯದಲ್ಲಿ ಇಂಥ ಡಿಸ್ಟ್ರಿಕ್ಟುಗಳು 500ಕ್ಕೂ ಹೆಚ್ಚು. ಡೆಟ್ರಾಯಿಟ್ ಮಹಾನಗರ ಎಂದು ನಾವು ಕರೆಯುವ ಮೂರು ಕೌಂಟಿಗಳಲ್ಲೇ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ವೇಯ್ನ್‌ನಲ್ಲಿ 33, ಓಕ್‌ಲ್ಯಾಂಡ್‌ನಲ್ಲಿ 28, ಮಕೋಂಬ್‌ನಲ್ಲಿ 21. ಒಟ್ಟು 82 ಮಂಡಳಿಗಳು, 82 ಸೂಪರಿಂಟೆಂಡೆಂಟ್‌ಗಳು, ಬಸ್ಸಿನ ವೇಳಾಪಟ್ಟಿ ಅವರವರದೇ. ಇವಲ್ಲದೆ ಸರ್ಕಾರದ ಹಣದಲ್ಲಿ ಸ್ವತಂತ್ರವಾಗಿ ನಡೆಯುವ ಚಾರ್ಟರ್ ಶಾಲೆಗಳು ಬೇರೆ, ಅವಕ್ಕೆ 1993ರಲ್ಲಿ ರಾಜ್ಯ ಬಾಗಿಲು ತೆರೆಯಿತು.

ಮೇ ತಿಂಗಳಲ್ಲಿ ಅಪ್ಪನನ್ನು ಮಂಡಳಿಯ ಸಭೆಗೆ ಕರೆದುಕೊಂಡು ಹೋದೆ. ಏಳು ಜನ ಸದಸ್ಯರು ಅರ್ಧವೃತ್ತದ ಮೇಜಿನ ಹಿಂದೆ ಕುಳಿತಿದ್ದರು, ಪ್ರತಿಯೊಬ್ಬರ ಮುಂದೆ ಹೆಸರಿನ ಫಲಕ, ನೀರಿನ ಬಾಟಲಿ. ಮೊದಲು ರೋಬಾಟ್ ಸ್ಪರ್ಧೆಯಲ್ಲಿ ಗೆದ್ದ ಮಕ್ಕಳಿಗೆ ಚಪ್ಪಾಳೆ, ಫೋಟೊ. ಆಮೇಲೆ ಸಾರ್ವಜನಿಕರ ಸರದಿ. ಎದ್ದು ಬಂದವರಿಗೆ ತಲಾ ಮೂರು ನಿಮಿಷ, ಗೋಡೆಯ ಮೇಲಿನ ಗಡಿಯಾರ ಸೆಕೆಂಡುಗಳನ್ನು ಇಳಿಸುತ್ತಾ ಹೋಗುತ್ತದೆ. ಕೆಲಸದ ಬೂಟಿನಲ್ಲೇ ಬಂದಿದ್ದ ಒಬ್ಬ ತಂದೆ ತನ್ನ ಮಗಳ ಬಸ್ಸು ದಿನವೂ ತಡವಾಗುತ್ತದೆಂದು ದಿನಾಂಕ ಸಹಿತ ಓದಿ ಹೇಳಿದ. ಧ್ವನಿ ಏರಿತು, ಒಬ್ಬ ಸದಸ್ಯೆಯ ಹೆಸರು ಹಿಡಿದು ಕೇಳಿದ. ಯಾರೂ ಅವನನ್ನು ತಡೆಯಲಿಲ್ಲ, ಉತ್ತರವನ್ನೂ ಕೊಡಲಿಲ್ಲ. ಕೆಂಪು ದೀಪ ಹತ್ತಿತು, ಅವನು ಕಾಗದ ಮಡಚಿಕೊಂಡು ಕುಳಿತ. ಸದಸ್ಯರಿಗೆ ಸಂಬಳವೆಂಬುದು ಬಹುತೇಕ ಇಲ್ಲ ಎಂದು ನಾನು ಕಿವಿಯಲ್ಲಿ ಹೇಳಿದಾಗ ಅಪ್ಪ, "ಮತ್ತೆ ಇವರಿಗೆ ಇದರಿಂದ ಏನು ಸಿಗುತ್ತದೆ?" ಎಂದು ಅನುಮಾನದಿಂದ ನೋಡಿದರು. ಎಸ್‌ಡಿಎಂಸಿ ಅಧ್ಯಕ್ಷಗಿರಿಗೆ ನಡೆದ ಗುದ್ದಾಟಗಳನ್ನು ಕಂಡವರು, ಸುಲಭಕ್ಕೆ ನಂಬುವವರಲ್ಲ.

ನಾನು ಓದಿದ್ದು ಲೆಕ್ಕಶಾಸ್ತ್ರ, ದುಡಿಯುವುದೂ ಅದರಲ್ಲೇ. ಅದರಿಂದಲೋ ಏನೋ, ಈ ವ್ಯವಸ್ಥೆಯನ್ನು ನನಗೆ ಕಲಿಸಿದ್ದು ಮನೆಯ ತೆರಿಗೆ ಬಿಲ್ಲು. ಇಲ್ಲಿ ವರ್ಷಕ್ಕೆ ಎರಡು ಬಿಲ್ಲು ಬರುತ್ತದೆ, ಬೇಸಿಗೆಯದೊಂದು, ಚಳಿಗಾಲದ್ದೊಂದು. ತೆರಿಗೆಯನ್ನು ಅಳೆಯುವುದು ಮಿಲ್‌ಗಳಲ್ಲಿ: ತೆರಿಗೆಗೆ ಒಳಪಡುವ ಮೌಲ್ಯದ ಪ್ರತಿ ಸಾವಿರ ಡಾಲರಿಗೆ ಒಂದು ಡಾಲರ್ ಎಂದರೆ ಒಂದು ಮಿಲ್. ನೀವು ಈಗಷ್ಟೇ 4 ಲಕ್ಷ ಡಾಲರಿಗೆ ಮನೆ ಕೊಂಡಿರಿ ಎಂದುಕೊಳ್ಳಿ, ಲೆಕ್ಕಕ್ಕೆ ಹಿಡಿಯುವುದು ಸುಮಾರು ಅರ್ಧವನ್ನು, ಅಂದರೆ 2 ಲಕ್ಷ. ಬೇಸಿಗೆಯ ಬಿಲ್ಲಿನಲ್ಲಿ 'ಸ್ಟೇಟ್ ಎಜುಕೇಷನ್ ಟ್ಯಾಕ್ಸ್' ಎಂಬ ಸಾಲು 6 ಮಿಲ್, ಹಾಗಾದರೆ 1,200 ಡಾಲರ್. ಅದು ನಿಮ್ಮ ಡಿಸ್ಟ್ರಿಕ್ಟಿಗೆ ಹೋಗುವುದಿಲ್ಲ, ರಾಜ್ಯದ ಶಾಲಾ ನಿಧಿಗೆ ಹೋಗುತ್ತದೆ. ಅದರ ಕೆಳಗೆ 'ಸ್ಕೂಲ್ ಆಪರೇಟಿಂಗ್' ಎಂಬ ಸಾಲು. ನೀವೇ ವಾಸವಿರುವ ಮನೆಯಾದರೆ ಅಲ್ಲಿ ಸೊನ್ನೆ. ಬಾಡಿಗೆಗೆ ಕೊಟ್ಟಿದ್ದರೆ, ಅಂಗಡಿಯೋ ಗೋದಾಮೋ ಆಗಿದ್ದರೆ 18 ಮಿಲ್. ಅದೇ ಮನೆಗೆ 3,600 ಡಾಲರ್ ಹೆಚ್ಚು. ಬಾಡಿಗೆಗೆಂದು ಎರಡನೆಯ ಮನೆ ಕೊಂಡ ನಮ್ಮವರು ಮೊದಲ ಬಿಲ್ಲು ಬಂದಾಗ ನನಗೆ ಕರೆ ಮಾಡುವುದು ಈ ಸಾಲಿನ ಬಗ್ಗೆಯೇ.

ಈ ಎರಡು ಸಾಲುಗಳೂ ಹುಟ್ಟಿದ್ದು 1994ರಲ್ಲಿ. ಅದಕ್ಕೂ ಮೊದಲು ಇಲ್ಲಿ ಶಾಲೆ ನಡೆಯುತ್ತಿದ್ದುದು ಬಹುಪಾಲು ಆಯಾ ಡಿಸ್ಟ್ರಿಕ್ಟಿನ ಆಸ್ತಿ ತೆರಿಗೆಯಿಂದ. ಸಿರಿವಂತ ಡಿಸ್ಟ್ರಿಕ್ಟಿಗೂ ಬಡ ಡಿಸ್ಟ್ರಿಕ್ಟಿಗೂ ಒಂದು ಮಗುವಿನ ಮೇಲಿನ ಖರ್ಚಿನಲ್ಲಿ ಸುಮಾರು ಮೂರು ಪಟ್ಟು ಅಂತರ ಇತ್ತು. 1993ರ ಮಾರ್ಚ್‌ನಲ್ಲಿ ರಾಜ್ಯದ ಉತ್ತರ ಭಾಗದ ಕಲ್ಕಾಸ್ಕಾ ಎಂಬ ಊರಿನ ಮತದಾರರು ತೆರಿಗೆ ಏರಿಕೆಯನ್ನು ತಳ್ಳಿಹಾಕಿದ್ದರಿಂದ ದುಡ್ಡು ಮುಗಿದು, ಶಾಲೆಗಳನ್ನು ವರ್ಷ ಮುಗಿಯುವ ಮೊದಲೇ ಮುಚ್ಚಿಬಿಟ್ಟರು. ಆ ಸುದ್ದಿ ದೇಶವೆಲ್ಲ ಹಬ್ಬಿತು. ಅದೇ ಬೇಸಿಗೆಯಲ್ಲಿ ಶಾಸಕಾಂಗ ಹಳೆಯ ಪದ್ಧತಿಯನ್ನೇ ಕಿತ್ತೆಸೆಯಿತು, ಅದರ ಜಾಗಕ್ಕೆ ಏನು ಎಂಬುದನ್ನು ಇನ್ನೂ ತೀರ್ಮಾನಿಸದೆ. ಜಾನ್ ಎಂಗ್ಲರ್ ಗವರ್ನರ್ ಆಗಿದ್ದ ಕಾಲ. 1994ರ ಮಾರ್ಚ್ 15ರಂದು ಜನ 'ಪ್ರೊಪೊಸಲ್ ಎ'ಗೆ ಮತ ಹಾಕಿದರು: ಮಾರಾಟ ತೆರಿಗೆ 4ರಿಂದ 6 ಪ್ರತಿಶತಕ್ಕೆ, ಮನೆ ತೆರಿಗೆಯಲ್ಲಿ ಇಳಿಕೆ, ರಾಜ್ಯದಿಂದ ಪ್ರತಿ ಮಗುವಿಗೆ ಇಷ್ಟು ಎಂದು ನಿಗದಿತ ಹಣ. ಹಣ ಮಗುವಿನ ಹಿಂದೆ ಹೋಗುತ್ತದೆ, ಮಗು ಡಿಸ್ಟ್ರಿಕ್ಟ್ ಬದಲಿಸಿದರೆ ಹಣವೂ ಬದಲಾಗುತ್ತದೆ. ಕೆಳಗಿನವರನ್ನು ಮೇಲಕ್ಕೆ ತರಲು ಹೊರಟ ಈ ಲೆಕ್ಕ ಒಂದು ಹಂತಕ್ಕೆ ಮುಟ್ಟಲು 2021-22ನೇ ಸಾಲು ಬರಬೇಕಾಯಿತು, ಆಗ ಪ್ರತಿ ಮಗುವಿಗೆ 8,700 ಡಾಲರ್ ಎಂದು ಬಹುತೇಕ ಎಲ್ಲ ಡಿಸ್ಟ್ರಿಕ್ಟುಗಳಿಗೂ ಒಂದೇ ಮೊತ್ತ ಸಿಕ್ಕಿತು. 2023-24ರಲ್ಲಿ ಅದು 9,608, 2024-25ರಲ್ಲೂ ಅಷ್ಟೇ. ಬ್ಲೂಮ್‌ಫೀಲ್ಡ್ ಹಿಲ್ಸ್, ಬರ್ಮಿಂಗ್‌ಹ್ಯಾಂನಂಥ ಕೆಲವು ಹಳೆಯ ಸಿರಿವಂತರಿಗೆ ತಮ್ಮ ಜನರಿಂದ ಇನ್ನಷ್ಟು ಎತ್ತಿಕೊಳ್ಳುವ ವಿನಾಯಿತಿ ಈಗಲೂ ಇದೆ.

ಇಲ್ಲಿಯವರೆಗೆ ಕೇಳಿದ ಅಪ್ಪ ಸಮಾಧಾನಪಟ್ಟರು. ನಾನು ಬಿಲ್ಲಿನ ಮುಂದಿನ ಸಾಲಿಗೆ ಬೆರಳಿಟ್ಟೆ: 'ಸ್ಕೂಲ್ ಡೆಟ್'.

ಈ ಸಾಲಿನಲ್ಲಿ ಸಮಾನತೆಯ ಗಂಧವೂ ಇಲ್ಲ. ಸಂಬಳ, ಪುಸ್ತಕಕ್ಕೆ ರಾಜ್ಯದ ಹಣ, ಆದರೆ ಕಟ್ಟಡ, ಛಾವಣಿ, ಈಜುಕೊಳ, ಬಸ್ಸುಗಳಿಗೆ ಆಯಾ ಡಿಸ್ಟ್ರಿಕ್ಟಿನ ಮತದಾರರು ಒಪ್ಪಿ ಬಾಂಡ್ ಸಾಲ ಎತ್ತಬೇಕು, ಅದನ್ನು ತಮ್ಮ ಆಸ್ತಿಯ ಮೇಲಿನ ಮಿಲ್‌ಗಳಿಂದ ತೀರಿಸಬೇಕು. ಒಂದೇ ಮಿಲ್ ಒಂದು ಕಡೆ ಪ್ರಯೋಗಾಲಯ ಕಟ್ಟುತ್ತದೆ, ಇನ್ನೊಂದು ಕಡೆ ಸೋರುವ ಛಾವಣಿಗೆ ತೇಪೆ ಹಾಕುವಷ್ಟಕ್ಕೂ ಸಾಲುವುದಿಲ್ಲ, ಯಾಕೆಂದರೆ ಗುಣಿಸಬೇಕಾದ ಮನೆಗಳ ಬೆಲೆಯೇ ಅಷ್ಟು. 2022ರ ನವೆಂಬರ್‌ನಲ್ಲಿ ಟ್ರಾಯ್‌ನ ಮತದಾರರು 55.5 ಕೋಟಿ ಡಾಲರಿನ ಬಾಂಡ್‌ಗೆ ಒಪ್ಪಿಗೆ ಕೊಟ್ಟರು. ಡೆಟ್ರಾಯಿಟ್ ತನ್ನ ಕಟ್ಟಡಗಳ ದುರಸ್ತಿಗೆ 70 ಕೋಟಿ ಡಾಲರಿನ ಯೋಜನೆ ಹಾಕಿಕೊಂಡಿದ್ದು ಕೊರೊನಾ ಕಾಲದಲ್ಲಿ ಕೇಂದ್ರ ಸರ್ಕಾರದಿಂದ ಬಂದ ಹಣದಿಂದ. ಆ ಹಣ ಮತ್ತೆ ಬರುವುದಿಲ್ಲ. ಟ್ರಾಯ್ ಡಿಸ್ಟ್ರಿಕ್ಟಿಗಿಂತ ಡೆಟ್ರಾಯಿಟ್ ಡಿಸ್ಟ್ರಿಕ್ಟಿನಲ್ಲಿ ಮಕ್ಕಳು ಎಷ್ಟೋ ಪಟ್ಟು ಹೆಚ್ಚು ಎಂಬುದನ್ನು ಗಮನದಲ್ಲಿಟ್ಟು ಎರಡೂ ಅಂಕಿಗಳನ್ನು ಓದಿಕೊಳ್ಳಿ.

ಜುಲೈ ತಿಂಗಳ ಒಂದು ಭಾನುವಾರ ಅಪ್ಪನನ್ನು ಕೂರಿಸಿಕೊಂಡು ಎಂಟನೇ ಮೈಲಿ ರಸ್ತೆಯಲ್ಲಿ ಪೂರ್ವಕ್ಕೆ ಹೊರಟೆ. ಹೆದ್ದಾರಿ ಹಿಡಿದರೆ ಬೇಗ, ಆದರೆ ನನಗೆ ಈ ರಸ್ತೆಯನ್ನೇ ತೋರಿಸಬೇಕಿತ್ತು. ಇದು ಓಕ್‌ಲ್ಯಾಂಡ್ ಕೌಂಟಿ ಮತ್ತು ವೇಯ್ನ್ ಕೌಂಟಿಯ ನಡುವಿನ ಗಡಿ. ನಮ್ಮ ಕಡೆ ಇದು ಮರಗಳ ನಡುವಿನ ಸಾಧು ರಸ್ತೆ. ನಾರ್ತ್‌ವಿಲ್ ಎಂಬ ಪುಟ್ಟ ನಗರ ಈ ರಸ್ತೆಯ ಎರಡೂ ಬದಿಗೆ, ಎರಡೂ ಕೌಂಟಿಗಳಲ್ಲಿ ಕಾಲು ಚಾಚಿ ಕುಳಿತಿದೆ, ಅಲ್ಲಿನ ಡಿಸ್ಟ್ರಿಕ್ಟಿಗೆ ಈ ಗಡಿ ಲೆಕ್ಕಕ್ಕೇ ಇಲ್ಲ. ನೋವಿಯ ಕೆಲವು ಮಕ್ಕಳು ದಿನವೂ ಇದನ್ನು ದಾಟಿ ಶಾಲೆಗೆ ಹೋಗುತ್ತಾರೆ, ದಾಟಿದ್ದು ಅವರಿಗೆ ಗೊತ್ತಾಗುವುದೂ ಇಲ್ಲ. ಮುಂದೆ ಟೆಲಿಗ್ರಾಫ್ ರಸ್ತೆ ಕಳೆದ ಮೇಲೆ ರಸ್ತೆ ಅಗಲವಾಗುತ್ತದೆ. ಎಡಕ್ಕೆ ಸೌತ್‌ಫೀಲ್ಡ್, ಬಲಕ್ಕೆ ಡೆಟ್ರಾಯಿಟ್. ರಸ್ತೆ ಅದೇ, ಗಡಿಯೂ ಅದೇ, ಆದರೆ ಇಲ್ಲಿ ದಾಟುವುದು ಬೇರೆಯೇ ಮಾತು.

ವಯೋಮಿಂಗ್ ರಸ್ತೆಯ ಹತ್ತಿರ ಬಲಕ್ಕೆ ತಿರುಗಿ ಬರ್ವುಡ್ ಬೀದಿಗೆ ಬಂದೆವು. ಅಲ್ಲಿ ಆಟದ ಮೈದಾನದ ಅಂಚಿಗೆ, ಮನೆಗಳ ಹಿತ್ತಿಲುಗಳ ನಡುವೆ ಒಂದು ಕಾಂಕ್ರೀಟ್ ಗೋಡೆ ಇದೆ. ಆರು ಅಡಿ ಎತ್ತರ, ಅರ್ಧ ಮೈಲಿ ಉದ್ದ. ಕಪ್ಪು ಜನರ ವಸತಿಯ ಪಕ್ಕದಲ್ಲಿ ಬಿಳಿಯರಿಗೆಂದು ಬಡಾವಣೆ ಮಾಡಲು ಹೊರಟ ಒಬ್ಬ ಬಿಲ್ಡರ್ 1941ರಲ್ಲಿ ಕಟ್ಟಿಸಿದ್ದು. ಎರಡು ವಸತಿಗಳನ್ನು ಬೇರ್ಪಡಿಸದಿದ್ದರೆ ಗೃಹಸಾಲಕ್ಕೆ ಜಾಮೀನು ಕೊಡುವುದಿಲ್ಲ ಎಂಬುದು ಕೇಂದ್ರ ಸರ್ಕಾರದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ನಿನ ನಿಲುವಾಗಿತ್ತು. ಗೋಡೆ ಎದ್ದಿತು, ಸಾಲ ಸಿಕ್ಕಿತು. ಈಗ ಮೈದಾನದ ಕಡೆಯ ಭಾಗಕ್ಕೆ ಚಿತ್ರ ಬರೆದಿದ್ದಾರೆ: ಬಣ್ಣದ ಮನೆಗಳು, ನೀರಿನ ಗುಳ್ಳೆ ಊದುವ ಮಕ್ಕಳು. ಅಪ್ಪ ಗೋಡೆಯ ಮೇಲೆ ಅಂಗೈ ಇಟ್ಟು ನೋಡಿ, "ಇದು ನಮ್ಮ ಹೈಸ್ಕೂಲಿನ ಕಾಂಪೌಂಡಿಗಿಂತ ಗಿಡ್ಡ" ಎಂದರು. ಕೆಲವೇ ದಶಕಗಳಲ್ಲಿ ಗೋಡೆಯ ಎರಡೂ ಬದಿಗೆ ಕಪ್ಪು ಜನರೇ ನೆಲೆಸಿದರು, ಬಿಳಿಯರು ರಸ್ತೆ ದಾಟಿ ಉತ್ತರಕ್ಕೆ ಹೋದರು. 1950ರಲ್ಲಿ 18 ಲಕ್ಷ ಮೀರಿದ್ದ ಡೆಟ್ರಾಯಿಟ್ ಜನಸಂಖ್ಯೆ 2020ರಲ್ಲಿ 6,39,111.

ಮುಂದಿನ ಕಥೆಯನ್ನು ಅಲ್ಲೇ ಬೆಂಚಿನ ಮೇಲೆ ಕುಳಿತು ಹೇಳಿದೆ. 1970ರಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಎನ್‌ಎಎಸಿಪಿ ಡೆಟ್ರಾಯಿಟ್ ಶಾಲೆಗಳಲ್ಲಿನ ವರ್ಣಬೇಧದ ವಿರುದ್ಧ ದಾವೆ ಹೂಡಿತು. ಫೆಡರಲ್ ನ್ಯಾಯಾಧೀಶ ಸ್ಟೀಫನ್ ರಾತ್ ಸಾಕ್ಷ್ಯಗಳನ್ನೆಲ್ಲ ಕೇಳಿ, ಈ ವಿಂಗಡಣೆ ತಾನಾಗಿ ಆದದ್ದಲ್ಲ, ಸರ್ಕಾರಿ ತೀರ್ಮಾನಗಳಿಂದ ಆದದ್ದು ಎಂದು ತೀರ್ಪಿತ್ತರು. ನಗರದೊಳಗೆ ಮಾತ್ರ ಮಕ್ಕಳನ್ನು ಅದಲುಬದಲು ಮಾಡಿ ಉಪಯೋಗವಿರಲಿಲ್ಲ, ಅಲ್ಲಿ ಅಷ್ಟು ಹೊತ್ತಿಗೆ ಸುಮಾರು ಮೂರನೇ ಎರಡು ಭಾಗದಷ್ಟು ಮಕ್ಕಳು ಕಪ್ಪು ಜನಾಂಗದವರೇ ಆಗಿದ್ದರು. ಹಾಗಾಗಿ ಡೆಟ್ರಾಯಿಟ್ ಜೊತೆಗೆ ಸುತ್ತಲಿನ 53 ಡಿಸ್ಟ್ರಿಕ್ಟುಗಳನ್ನೂ ಸೇರಿಸಿ, ಸುಮಾರು 7,80,000 ಮಕ್ಕಳ ಒಂದೇ ಯೋಜನೆ ಮಾಡಬೇಕೆಂದು 1972ರಲ್ಲಿ ಆದೇಶಿಸಿದರು. ಹೊರವಲಯ ಕುದಿಯಿತು. ಅದಕ್ಕೂ ಹಿಂದಿನ ವರ್ಷವೇ, ಬೇರೊಂದು ದಾವೆಯ ತೀರ್ಪಿನಂತೆ ಮಕ್ಕಳ ವಿನಿಮಯ ಶುರುವಾಗಬೇಕಿದ್ದ ಪಾಂಟಿಯಾಕ್‌ನಲ್ಲಿ ಹತ್ತು ಶಾಲಾ ಬಸ್ಸುಗಳನ್ನು ಬಾಂಬಿಟ್ಟು ಸುಟ್ಟಿದ್ದರು, ಸಿಕ್ಕಿಬಿದ್ದವರು ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ಉಗ್ರ ಸಂಘಟನೆಯವರು. ಪಾಂಟಿಯಾಕ್ ನಮ್ಮ ಕೌಂಟಿಯ ಆಡಳಿತ ಕೇಂದ್ರ.

ಪ್ರಕರಣ ಮಿಲಿಕನ್ ವಿರುದ್ಧ ಬ್ರಾಡ್ಲಿ ಎಂಬ ಹೆಸರಿನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಮಿಲಿಕನ್ ಎಂದರೆ ಆಗಿನ ಗವರ್ನರ್. 1974ರ ಜುಲೈ 25ರಂದು ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಹೊರವಲಯದ ಡಿಸ್ಟ್ರಿಕ್ಟುಗಳು ತಪ್ಪು ಮಾಡಿವೆಯೆಂದು ಸಾಬೀತಾಗಿಲ್ಲ, ಆದ್ದರಿಂದ ಪರಿಹಾರ ಅವುಗಳ ಗಡಿ ದಾಟುವಂತಿಲ್ಲ ಎಂದು ಮುಖ್ಯ ನ್ಯಾಯಮೂರ್ತಿ ವಾರನ್ ಬರ್ಗರ್ ಬರೆದರು. ರಾತ್ ಇದನ್ನು ಕಾಣಲಿಲ್ಲ, ಅದೇ ತಿಂಗಳ ಮೊದಲ ಭಾಗದಲ್ಲಿ ತೀರಿಕೊಂಡಿದ್ದರು. ಭಿನ್ನ ತೀರ್ಪು ಬರೆದವರಲ್ಲಿ ಥರ್ಗುಡ್ ಮಾರ್ಷಲ್ ಒಬ್ಬರು. ಶಾಲೆಗಳಲ್ಲಿ ಜನಾಂಗದ ವಿಂಗಡಣೆ ಸಂವಿಧಾನಬಾಹಿರ ಎಂದು ತೀರ್ಪಾದ 1954ರ ಬ್ರೌನ್ ಪ್ರಕರಣದಲ್ಲಿ ವಾದಿಸಿ ಗೆದ್ದ ವಕೀಲರೂ ಅವರೇ. ಮಹಾನಗರಗಳನ್ನು ಕಪ್ಪು ನಗರ, ಬಿಳಿ ನಗರ ಎಂದು ಎರಡಾಗಿ ಸೀಳಿಕೊಳ್ಳಲು ಬಿಡುವುದು ಸುಲಭದ ದಾರಿ, ಆದರೆ ಜನ ಒಂದು ದಿನ ಪಶ್ಚಾತ್ತಾಪ ಪಡುತ್ತಾರೆ ಎಂಬುದು ಅವರ ಮಾತಿನ ಸಾರ.

"ಗಡಿ ಎಳೆದವರು ಯಾರು? ಸರ್ಕಾರ ತಾನೇ?" ಎಂದರು ಅಪ್ಪ. ಹೌದು, ಡಿಸ್ಟ್ರಿಕ್ಟುಗಳು ರಾಜ್ಯದ ಕಾನೂನಿನಿಂದ ಹುಟ್ಟಿದವು, ರಾಜ್ಯ ಬೇಕೆಂದಾಗ ಕೂಡಿಸಬಹುದು, ಕಳೆಯಬಹುದು. ಮಾರ್ಷಲ್ ಕೂಡ ಅದನ್ನೇ ಹೇಳಿದ್ದರು.

ರಾಜ್ಯ ಕಳೆದದ್ದೂ ಉಂಟು. 2013ರಲ್ಲಿ ವೇಯ್ನ್ ಕೌಂಟಿಯ ಇಂಕ್‌ಸ್ಟರ್ ಎಂಬ ಬಡ ಊರಿನ ಡಿಸ್ಟ್ರಿಕ್ಟನ್ನು ದುಡ್ಡಿಲ್ಲವೆಂದು ವಿಸರ್ಜಿಸಿ, ಮಕ್ಕಳನ್ನು ಸುತ್ತಲಿನ ನಾಲ್ಕು ಡಿಸ್ಟ್ರಿಕ್ಟುಗಳಿಗೆ ಹಂಚಿಬಿಟ್ಟರು. ಗಡಿ ಅಲುಗಾಡದ ವಸ್ತು ಎಂದು ಯಾರಾದರೂ ಹೇಳಿದರೆ ನನಗೆ ಇಂಕ್‌ಸ್ಟರ್ ನೆನಪಾಗುತ್ತದೆ.

ಡೆಟ್ರಾಯಿಟ್ ಡಿಸ್ಟ್ರಿಕ್ಟಿನ ನಂತರದ ಕಥೆ ಅಂಕಿಗಳಲ್ಲೇ ಇದೆ. 1966ರಲ್ಲಿ ಸುಮಾರು 3 ಲಕ್ಷ ಮಕ್ಕಳು, ಈಗ 50,000ದ ಆಸುಪಾಸು. 2000ದಿಂದ 2015ರ ನಡುವೆ ಸುಮಾರು 200 ಶಾಲೆಗಳು ಮುಚ್ಚಿದವು. 1999ರಲ್ಲಿ ರಾಜ್ಯ ಸರ್ಕಾರ ಚುನಾಯಿತ ಮಂಡಳಿಯನ್ನು ಬದಿಗೆ ಸರಿಸಿತು, ಕೆಲ ವರ್ಷ ಬಿಟ್ಟುಕೊಟ್ಟು 2009ರಿಂದ ಮತ್ತೆ ತನ್ನ ಅಧಿಕಾರಿಗಳನ್ನು ತಂದು ಕೂರಿಸಿತು. 2016ರ ಜನವರಿಯಲ್ಲಿ ಇಲಿ, ಬೂಸ್ಟು, ಕುಸಿಯುವ ಛಾವಣಿಗಳ ವಿರುದ್ಧ ಶಿಕ್ಷಕರು ಒಟ್ಟಾಗಿ ರಜೆ ಹಾಕಿದಾಗ ಒಂದೇ ದಿನ 80ಕ್ಕೂ ಹೆಚ್ಚು ಶಾಲೆಗಳಿಗೆ ಬೀಗ ಬಿತ್ತು. ಆ ವರ್ಷ ರಾಜ್ಯ 61.7 ಕೋಟಿ ಡಾಲರ್ ಕೊಟ್ಟು ಡಿಸ್ಟ್ರಿಕ್ಟನ್ನು ಇಬ್ಭಾಗ ಮಾಡಿತು. ಹಳೆಯ ಹೆಸರು ಸಾಲ ತೀರಿಸಲಷ್ಟೇ ಉಳಿಯಿತು, ಮಕ್ಕಳಿಗೆ ಹೊಸ ಹೆಸರಿನ ಡಿಸ್ಟ್ರಿಕ್ಟ್. ಲೆಕ್ಕಪತ್ರದವಳಾದ ನಾನು ಕೆಟ್ಟ ಸಾಲವನ್ನು ಹಳೆಯ ಕಂಪನಿಯಲ್ಲಿ ಬಿಡುವ ವಿದ್ಯೆಯನ್ನು ಕಂಡಿದ್ದೇನೆ, ಶಾಲೆಗೂ ಅದನ್ನು ಮಾಡಬಹುದೆಂದು ತಿಳಿದಿರಲಿಲ್ಲ. 2018ರಲ್ಲಿ ಸೀಸ ಮತ್ತು ತಾಮ್ರದ ಭಯದಿಂದ ಎಲ್ಲ ಶಾಲೆಗಳ ಕುಡಿಯುವ ನೀರಿನ ನಲ್ಲಿಗಳನ್ನು ನಿಲ್ಲಿಸಿದರು. ಓದು ಕಲಿಸಲಿಲ್ಲವೆಂದು ವಿದ್ಯಾರ್ಥಿಗಳೇ ರಾಜ್ಯದ ಮೇಲೆ ಹೂಡಿದ ದಾವೆ ರಾಜಿಯಲ್ಲಿ ಮುಗಿದು, 2023ರಲ್ಲಿ ಓದಿನ ಕಲಿಕೆಗೆಂದು 9.44 ಕೋಟಿ ಡಾಲರ್ ಮಂಜೂರಾಯಿತು.

ಇಷ್ಟಾದರೂ ಅಲ್ಲಿನ ಕ್ಯಾಸ್ ಟೆಕ್ನಿಕಲ್ ಹೈಸ್ಕೂಲಿನಂಥ ಶಾಲೆಯಿಂದ ಹೊರಬರುವ ಮಕ್ಕಳು ಯಾವ ಹೊರವಲಯದ ಮಕ್ಕಳಿಗೂ ಕಡಿಮೆಯಿಲ್ಲ. ನಮ್ಮವರ ನಕ್ಷೆಯಲ್ಲಿ ಅದು ಇಲ್ಲ, ಅಷ್ಟೇ.

ಗಡಿ ದಾಟಲು ಈಗ ಒಂದು ಕಿರುಬಾಗಿಲೂ ಇದೆ, 'ಸ್ಕೂಲ್ಸ್ ಆಫ್ ಚಾಯ್ಸ್'. 1996ರಿಂದ ಒಂದು ಡಿಸ್ಟ್ರಿಕ್ಟ್ ಮನಸ್ಸು ಮಾಡಿದರೆ ಹೊರಗಿನ ಮಕ್ಕಳನ್ನು ಸೇರಿಸಿಕೊಳ್ಳಬಹುದು. ಎಂಟನೇ ಮೈಲಿ ರಸ್ತೆಯ ಆಚೆ ಬದಿಯ ಫರ್ನ್‌ಡೇಲ್, ಓಕ್ ಪಾರ್ಕ್‌ನವರು ಡೆಟ್ರಾಯಿಟ್ ಮಕ್ಕಳನ್ನು ಕರೆಯುತ್ತಾರೆ, ಪೂರ್ವದಲ್ಲಿ ಡೆಟ್ರಾಯಿಟಿಗೆ ಅಂಟಿಕೊಂಡೇ ಇರುವ ಗ್ರೋಸ್ ಪಾಯಿಂಟ್ ಬಾಗಿಲು ತೆರೆದಿಲ್ಲ. ತೆರೆದವರೂ ಬಸ್ಸು ಕಳುಹಿಸಬೇಕೆಂಬ ಕಡ್ಡಾಯವಿಲ್ಲ. ಡೆಟ್ರಾಯಿಟ್‌ನಲ್ಲಿ ಕಾರಿಲ್ಲದ ಮನೆಗಳು ಸಾಕಷ್ಟಿವೆ. ತೆರೆಯುವುದರ ಹಿಂದೆ ಔದಾರ್ಯಕ್ಕಿಂತ ಗಣಿತ ದೊಡ್ಡದು. ಹುಟ್ಟುವ ಮಕ್ಕಳು ಕಡಿಮೆಯಾಗಿದ್ದಾರೆ, ಒಂದು ಖಾಲಿ ಕುರ್ಚಿ ಎಂದರೆ ಒಂದು ಮಗುವಿನ ಹಣ ಖೋತಾ. ಅಕ್ಟೋಬರ್‌ನ ಮೊದಲ ಬುಧವಾರ ರಾಜ್ಯವೆಲ್ಲ ತಲೆ ಎಣಿಸುವ ದಿನ, ವರ್ಷದ ಅನುದಾನದ 90 ಪ್ರತಿಶತ ಆ ದಿನದ ಹಾಜರಿಯ ಮೇಲೆ ನಿಂತಿದೆ. ಮಗಳ ಶಾಲೆಯಿಂದ ಹಿಂದಿನ ದಿನವೇ ಸಂದೇಶ ಬರುತ್ತದೆ, ದಯವಿಟ್ಟು ನಾಳೆ ಮಗುವನ್ನು ತಪ್ಪದೆ ಕಳುಹಿಸಿ ಎಂದು. ಅಪ್ಪ ಇದನ್ನು ಕೇಳಿ ಬಿದ್ದು ಬಿದ್ದು ನಕ್ಕರು. ದಾಖಲಾತಿ ಆಂದೋಲನ ಅವರಿಗೆ ಹೊಸದಲ್ಲ.

ಹಾಗಾದರೆ ಮಾರ್ಚ್‌ನಲ್ಲಿ ಕೇಳುವವರಿಗೆ ನಾನು ಏನು ಹೇಳುತ್ತೇನೆ? ಶಾಲೆಗಿಂತ ಮೊದಲು ಗೆರೆಯನ್ನು ಕೊಳ್ಳುತ್ತಿದ್ದೀರಿ ಎಂದು ಹೇಳುತ್ತೇನೆ. ಬೆಂಗಳೂರಿನಲ್ಲಿ ಶುಲ್ಕವನ್ನು ಶಾಲೆಯ ಕೌಂಟರಿನಲ್ಲಿ ಕಟ್ಟುತ್ತಿದ್ದಿರಿ, ಇಲ್ಲಿ ಬ್ಯಾಂಕಿಗೆ ಮೂವತ್ತು ವರ್ಷದ ಕಂತಿನಲ್ಲಿ ಕಟ್ಟುತ್ತೀರಿ, ಸರ್ಕಾರಿ ಶಾಲೆ ಉಚಿತ ಎಂದು ಊರಿಗೆ ಫೋನ್ ಮಾಡಿ ಹೇಳುತ್ತೀರಿ. ಹತ್ತಕ್ಕೆ ಹತ್ತರ ಅಂಕದಲ್ಲಿ ಶಿಕ್ಷಕರ ಪಾಲೆಷ್ಟು, ಅಪ್ಪ ಅಮ್ಮಂದಿರ ಸಂಬಳದ ಪಾಲೆಷ್ಟು, ನಮ್ಮ ಮಕ್ಕಳ ಶನಿವಾರದ ಟ್ಯೂಷನ್ನಿನ ಪಾಲೆಷ್ಟು ಎಂದು ಬಿಡಿಸಿ ತೋರಿಸುವ ಜಾಲತಾಣ ನನಗಂತೂ ಸಿಕ್ಕಿಲ್ಲ. ಇಷ್ಟು ಕೇಳಿದ ಮೇಲೂ ಬಹುತೇಕರು ಹತ್ತರ ಅಂಕದ ಕಡೆಗೇ ಹೋಗುತ್ತಾರೆ. ಹೋಗಲಿ, ಮಗು ಅವರದು. ನಾನೂ ಎಂಟನೇ ಮೈಲಿಯ ದಕ್ಷಿಣಕ್ಕೆ ಮನೆ ಹುಡುಕಿದವಳಲ್ಲ.

2023ರಲ್ಲಿ ನಮಗೆ ಇಲ್ಲಿನ ಪೌರತ್ವ ಬಂತು. ಅಲ್ಲಿಯವರೆಗೆ ಮಿಲ್‌ಗಳನ್ನು ಕಟ್ಟಿದ್ದಷ್ಟೇ, ಅವುಗಳ ಬಗ್ಗೆ ಮತವಿರಲಿಲ್ಲ. 2024ರ ನವೆಂಬರ್‌ನ ಚುನಾವಣೆಗೆ ಅಂಚೆಯಲ್ಲಿ ಮತಪತ್ರ ಬಂತು. ಮೊದಲಿಗೆ ಅಧ್ಯಕ್ಷರ ಹೆಸರುಗಳು, ಹಿಂಬದಿಯಲ್ಲಿ ಎಲ್ಲೋ ಕೊನೆಗೆ ಶಾಲಾ ಮಂಡಳಿ, ಪಕ್ಷದ ಗುರುತೂ ಇಲ್ಲದ ಬರಿಯ ಹೆಸರುಗಳು. ಒಬ್ಬರೂ ಗೊತ್ತಿರಲಿಲ್ಲ. ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ. ಶಾಲೆಯ ಅಂಕವನ್ನು ದಶಮಾಂಶ ಸಮೇತ ಬಲ್ಲ ಆ ಗುಂಪಿನಲ್ಲಿ ಒಬ್ಬರಿಗೂ ಈ ಹೆಸರುಗಳು ತಿಳಿದಿರಲಿಲ್ಲ. ಕೊನೆಗೆ ಅಭ್ಯರ್ಥಿಗಳ ಸಭೆಯ ವಿಡಿಯೊ ಹುಡುಕಿ ನೋಡಿದೆ, ಒಂದೂವರೆ ಗಂಟೆ. ಕೊಂಡಿಯನ್ನು ಅರಸೀಕೆರೆಗೂ ಕಳುಹಿಸಿದೆ. ಅಪ್ಪ ಮರುದಿನವೇ ಕೈಬರಹದ ಕಾಗದದ ಫೋಟೊ ಕಳುಹಿಸಿದರು: ಎಲ್ಲರಿಗೂ ನೂರಕ್ಕೆ ಅಂಕ ಹಾಕಿ, ಕೆಳಗೆ ಷರಾ ಬರೆದು, ಸಹಿ ಮಾಡಿ. ಯಾರಿಗೂ ಅರವತ್ತು ದಾಟಿರಲಿಲ್ಲ.